ಗೋಬಿಯ ಬಣ್ಣ ಹೋಯಿತು, ಎಣ್ಣೆ ಹಾಗೇ ಇದೆ

ಬೆಳಗ್ಗೆ ಆರಕ್ಕೆ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಅರ್ಧ ಗಂಟೆ ಬಿರುಸಿನ ನಡಿಗೆ. ಸಂಜೆ ಐದೂವರೆಗೆ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಪ್ಲೇಟ್ ಗೋಬಿ ಮಂಚೂರಿ. ಆರು ತಿಂಗಳಿಂದ ನಾನು ತೂಕ ಇಳಿಸುತ್ತಿರುವುದು ಹೀಗೆ! ಇಳಿದದ್ದು ಒಂದೂವರೆ ಕೆ.ಜಿ., ಮತ್ತೆ ಏರಿದ್ದು ಎರಡು. ನಗುತ್ತಾ ಹೇಳುತ್ತಿದ್ದರೂ ಒಳಗೊಳಗೇ ಭಯವಿದೆ. ಅಪ್ಪನಿಗೆ ನಲವತ್ತೆರಡಕ್ಕೇ ಸಕ್ಕರೆ ಕಾಯಿಲೆ ಬಂದಿದೆ. ರಜೆಯಲ್ಲಿ ಅವರ ಜೊತೆ ಹೋದಾಗ ಡಾಕ್ಟರ್ ನನ್ನ ಕಡೆ ನೋಡಿ, ‘ನೀನೂ ಈಗಿಂದಲೇ ಜಾಗ್ರತೆ ಮಾಡಮ್ಮ’ ಅಂದಿದ್ದರು.

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ತಿಳಿಸಿದ್ದರು. ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ ಬಂತು. ಒಳ್ಳೆಯ ಕ್ರಮವೇ. ಆದರೆ ನಾವು ಗೆಳತಿಯರು ಅರ್ಥ ಮಾಡಿಕೊಂಡದ್ದೇ ಬೇರೆ. ಬಣ್ಣ ಇಲ್ಲ ತಾನೇ, ಹಾಗಾದರೆ ದಿನಾ ತಿನ್ನಬಹುದು!

ಕಡಿಮೆಯಾದದ್ದು ಕೆಂಪು ಮಾತ್ರ. ಮೈದಾ, ಕಾರ್ನ್‌ಫ್ಲೋರ್, ಸಾಸ್, ಎಣ್ಣೆ ಎಲ್ಲವೂ ಹಾಗೇ ಇವೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ನನ್ನ ಅರ್ಧ ಗಂಟೆಯ ನಡಿಗೆಯಲ್ಲಿ ಕರಗುವುದು ಹೆಚ್ಚುಕಡಿಮೆ ಅಷ್ಟೇ. ಜೊತೆಗೆ ಕುಡಿಯುವ 250 ಮಿ.ಲೀ. ಕೋಲಾದಲ್ಲಿ ಐದಾರು ಚಮಚ ಸಕ್ಕರೆ. ಬೆಳಗಿನ ಬೆವರಿನ ಲೆಕ್ಕ ಸಂಜೆಗೆ ಚುಕ್ತಾ ಆಗಿ, ಮೇಲೆ ಸಾಲವೂ ಉಳಿಯುತ್ತದೆ.

ಇದು ನನ್ನೊಬ್ಬಳ ಕಥೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಮಹಿಳೆಯರ ಪ್ರಮಾಣ ನಾಲ್ಕನೇ ಸಮೀಕ್ಷೆಯಲ್ಲಿ ಶೇ. 23ರಷ್ಟಿತ್ತು; ಐದನೆಯದರಲ್ಲಿ ಶೇ. 30ಕ್ಕೆ ಏರಿತು. ಪುರುಷರೂ ಹಿಂದೆ ಬಿದ್ದಿಲ್ಲ.

‘ಬಾಯಿ ಕಟ್ಟಿದರೆ ಆಯಿತಪ್ಪ’ ಎನ್ನುವುದು ಸುಲಭ. ಆದರೆ ನಮ್ಮ ದಿನಚರಿ ನೋಡಿ. ಮಧ್ಯಾಹ್ನದ ಊಟ ಹನ್ನೆರಡೂವರೆಗೆ, ಪಿ.ಜಿ.ಯಲ್ಲಿ ರಾತ್ರಿಯ ಊಟ ಎಂಟೂವರೆಗೆ. ನಡುವಿನ ಎಂಟು ಗಂಟೆಯಲ್ಲಿ ಹಸಿವಾದರೆ ಕೈಗೆಟಕುವ ದುಡ್ಡಿಗೆ ಬಿಸಿಬಿಸಿಯಾಗಿ ಸಿಗುವುದು ಗೋಬಿ, ನೂಡಲ್ಸ್, ಕಬಾಬ್. ‘ನಮ್ಮ ಊರಿನ ತಿಂಡಿ ತಿನ್ನಿ’ ಎನ್ನುವವರಿಗೂ ಒಂದು ಮಾತು. ನಮ್ಮ ಗೋಳಿಬಜೆಯೂ ಮೈದಾ, ಎಣ್ಣೆಯದ್ದೇ! ಜೈನಪೇಟೆಯ ಗೆಳತಿಯ ಅಜ್ಜಿ ಇಂದಿಗೂ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುತ್ತಾರೆ. ರೀಲ್ಸ್‌ನಲ್ಲಿ ಅದನ್ನೇ ‘ಫಾಸ್ಟಿಂಗ್’ ಎಂದು ಕಲಿಸುತ್ತಾರೆ. ಅಜ್ಜಿಗೆ ಅದು ವ್ರತ, ಜೊತೆಗೆ ಹೊತ್ತಿಗೆ ಸರಿಯಾಗಿ ಬಡಿಸುವ ಮನೆಯೂ ಇದೆ. ನಮಗೆ ಅದಿಲ್ಲ.

ಸರ್ಕಾರದ ನೀತಿಯೂ ಎರಡು ದೋಣಿಯಲ್ಲಿ ಕಾಲಿಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ ಜಿಮ್‌ನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಅದೇ ದಿನ ಇನ್‌ಸ್ಟಂಟ್ ನೂಡಲ್ಸ್, ಚಾಕಲೇಟ್‌ನ ತೆರಿಗೆಯೂ ಶೇ. 5ಕ್ಕೆ ಇಳಿಯಿತು! ಶೇ. 40ರ ತೆರಿಗೆ ಬಿದ್ದದ್ದು ಕೋಲಾದಂಥ ಪಾನೀಯಗಳಿಗೆ. ಪೊಟ್ಟಣದ ಮುಂಭಾಗದಲ್ಲೇ ಸಕ್ಕರೆ, ಉಪ್ಪು, ಕೊಬ್ಬಿನ ಎಚ್ಚರಿಕೆ ಬೇಕೆಂಬ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಆದರೆ ಗಾಡಿಯ ಪ್ಲೇಟಿಗೆ ಲೇಬಲ್ ಅಂಟಿಸುವವರು ಯಾರು?

ಗಾಡಿಯ ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಅವರ ಮನೆಯೂ ನಡೆಯಬೇಕು. ನಾವು ಕೇಳಿದರೆ ಅವರೇ ಬೇಯಿಸಿದ ಕಡಲೆ, ಜೋಳ, ಮೊಟ್ಟೆ ಇಟ್ಟಾರು. ಕಾಲೇಜು ಕ್ಯಾಂಟೀನ್‌ಗಳು ಸಂಜೆ ನಾಲ್ಕೂವರೆಗೆ ಚರುಮುರಿ, ಬಾಳೆಹಣ್ಣು, ಮಜ್ಜಿಗೆ ಇಟ್ಟರೂ ಅರ್ಧ ಕೆಲಸ ಆದಂತೆ. ಬಣ್ಣ ಹಿಡಿಯಲು ಅಧಿಕಾರಿಗಳು ಬರುತ್ತಾರೆ, ಆದರೆ ನಮ್ಮ ಸಂಜೆಯ ಹಸಿವಿಗೆ ದಾರಿ ಹುಡುಕಬೇಕಾದವರು ನಾವು ಮತ್ತು ನಮ್ಮ ಕಾಲೇಜುಗಳು.

ನಾನು ಗೋಬಿ ಬಿಟ್ಟಿಲ್ಲ. ಬಿಡುತ್ತೇನೆಂದು ಶಪಥ ಮಾಡಿ ಮೂರು ಸಲ ಸೋತಿದ್ದೇನೆ. ಈಗ ಶನಿವಾರ ಮಾತ್ರ, ಅದೂ ಒಂದೇ ಪ್ಲೇಟು, ಇಬ್ಬರಿಗೆ. ಉಳಿದ ದಿನ ಬ್ಯಾಗಿನಲ್ಲಿ ಹುರಿಗಡಲೆ ಡಬ್ಬ ಇರುತ್ತದೆ. ತೂಕ ಇನ್ನೂ ಅಷ್ಟೇನೂ ಇಳಿದಿಲ್ಲ. ಆದರೆ ಏರುವುದು ನಿಂತಿದೆ. ಅಪ್ಪನಿಗೆ ಫೋನ್ ಮಾಡಿ ಮೊದಲು ಹೇಳಿದ್ದೂ ಅದನ್ನೇ.