ಒಂದು ಎಸೆತ, ಹದಿಮೂರು ವಿಕೆಟ್

ಗಂಗಾವತಿಯ ಚಹಾದಂಗಡಿಯಲ್ಲಿ ಇವತ್ತಿಗೂ ವೆಂಕಟೇಶ್ ಪ್ರಸಾದ್ ಅಂದರೆ 1996ರ ವಿಶ್ವಕಪ್ಪಿನ ಬೆಂಗಳೂರು ಪಂದ್ಯ: ಆಮಿರ್ ಸೊಹೈಲ್ ಬೌಂಡರಿ ಹೊಡೆದು ಕೈ ತೋರಿಸಿದ, ಮರು ಎಸೆತಕ್ಕೇ ಸ್ಟಂಪು ಹಾರಿತು. ನನಗೂ ಅದು ಬಾಯಿಪಾಠ. ಆದರೆ ಇನ್ನೊಬ್ಬ ಎತ್ತರದ ಆಳು, ಮೈಸೂರಿನ ಜಾವಗಲ್ ಶ್ರೀನಾಥ್, 1999ರಲ್ಲಿ ಕೋಲ್ಕತ್ತಾದಲ್ಲಿ ಅದೇ ಪಾಕಿಸ್ತಾನದ 13 ವಿಕೆಟ್ ಕಿತ್ತದ್ದು ಯಾರ ಬಾಯಲ್ಲಿದೆ?

ಶ್ರೀನಾಥ್ 67 ಟೆಸ್ಟಿಗೆ 236 ವಿಕೆಟ್, ಪ್ರಸಾದ್ 33ಕ್ಕೆ 96. ದೊಡ್ಡವರು ಯಾರೆಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾಗಂತ ಪ್ರಸಾದರಿಗೂ ನ್ಯಾಯ ಸಿಕ್ಕಿಲ್ಲ. ಅದೇ ವರ್ಷ ಚೆನ್ನೈನಲ್ಲಿ 33 ರನ್ನಿಗೆ 6 ವಿಕೆಟ್ ಕಿತ್ತರು, ಅದನ್ನೂ ಮರೆತೆವು.

‘ಎರಡೂ ಸೋತ ಪಂದ್ಯ ಬಿಡ್ರಿ’ ಅನ್ನುತ್ತೀರಿ. ಸರಿ, ಆ ಚೆನ್ನೈ ಸೋಲಿನಲ್ಲೇ ಸಚಿನ್ ಹೊಡೆದ 136 ಮಾತ್ರ ಹೇಗೆ ನೆನಪಿದೆ?