ಜಾಹೀರಾತಿನ ವಾಕ್ಯಶುದ್ಧಿ



ಕಳೆದ ತಿಂಗಳು ಕುಣಿಗಲಿನಿಂದ ನನ್ನ ಹಳೆಯ ಶಿಷ್ಯನೊಬ್ಬನು ತುಮಕೂರಿನ ನಮ್ಮ ಮನೆಗೆ ಬಂದನು. ಮರದ ಗಾಣದಲ್ಲಿ ಕೊಬ್ಬರಿ ಎಣ್ಣೆಯನ್ನು ತೆಗೆದು ಮಾರುವುದು ಅವನ ಕಸುಬು. ಗಾಣಕ್ಕಾಗಿ ಹೆಂಡತಿಯ ಒಡವೆಯನ್ನು ಒತ್ತೆಯಿಟ್ಟಿದ್ದಾನೆ. ಎಣ್ಣೆ ಒಳ್ಳೆಯದು, ವ್ಯಾಪಾರ ಮಾತ್ರ ಮಂದ. "ಮೇಷ್ಟರೆ, ಈ ಕರಪತ್ರವನ್ನು ತಾವು ತಿದ್ದಿಕೊಡಬೇಕು" ಎಂದು ಕಾಗದವೊಂದನ್ನು ಮುಂದಿಟ್ಟನು. ಅದರಲ್ಲಿದ್ದುದಿಷ್ಟು: "ಜಗತ್ಪ್ರಸಿದ್ಧ, ಅತ್ಯುತ್ಕೃಷ್ಟ, ಸಕಲರೋಗನಿವಾರಕ ತೈಲ!" ಬೆಲೆಯಿಲ್ಲ, ಅಳತೆಯಿಲ್ಲ, ಅಂಗಡಿ ಯಾವ ಬೀದಿಯಲ್ಲಿದೆ ಎಂಬುದೂ ಇಲ್ಲ.

"ಏನಯ್ಯ, ಜಗತ್ತಿನಲ್ಲೆಲ್ಲ ಪ್ರಸಿದ್ಧವಾದುದು ಕುಣಿಗಲಿನಲ್ಲೇಕೆ ಮಾರಾಟವಾಗಲೊಲ್ಲದು?" ಎಂದೆನು. ಅವನು ನಕ್ಕನು, ಆದರೆ ಆ ನಗೆಯಲ್ಲಿ ಸಾಲದ ಭಾರವಿದ್ದಿತು.

ವಾಕ್ಯವು ಅರ್ಥವನ್ನು ಕೊಡಬೇಕಾದರೆ ಆಕಾಂಕ್ಷೆ, ಸನ್ನಿಧಿ, ಯೋಗ್ಯತೆ ಎಂಬ ಮೂರು ಇರಬೇಕೆಂದು ನಮ್ಮ ತಾರ್ಕಿಕರು ಹೇಳುತ್ತಾರೆ. ಕರಪತ್ರಕ್ಕಾಗಲಿ ವಾಟ್ಸಾಪಿನ ಸಂದೇಶಕ್ಕಾಗಲಿ ಇದಕ್ಕಿಂತ ಒಳ್ಳೆಯ ಒರೆಗಲ್ಲನ್ನು ನಾನರಿಯೆ.

ಒಂದು ಪದವು ಇನ್ನೊಂದನ್ನು ಬೇಡುವುದೇ ಆಕಾಂಕ್ಷೆ. ಹಸು, ಕುದುರೆ, ಮನುಷ್ಯ, ಆನೆ ಎಂದು ಪದಗಳನ್ನು ಪೇರಿಸಿದ ಮಾತ್ರಕ್ಕೆ ವಾಕ್ಯವಾಗದು. ವಿಶೇಷಣಗಳ ರಾಶಿಯೂ ಹಾಗೆಯೇ. ಓದುವ ಗೃಹಸ್ಥನ ಮನಸ್ಸು ಕೇಳುವುದು ಬೇರೆ: ಪದಾರ್ಥವಾವುದು? ಎಷ್ಟು? ಬೆಲೆಯೇನು? ಎಂದು ಮಾಡಿದುದು? ಮಾಡಿದವರಾರು? ಇವನ್ನೇ ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳೂ ವಿಧಿಸಿವೆ. ಕಾನೂನಿನ ಭಯಕ್ಕೆ ಬರೆಯುವುದನ್ನು ಗಿರಾಕಿಯ ಮೇಲಿನ ಗೌರವದಿಂದ ಬರೆದರಾಯಿತು.

ಸನ್ನಿಧಿಯೆಂದರೆ ಸಾಮೀಪ್ಯ. ಬೆಳಗ್ಗೆ "ಹಸುವನ್ನು" ಎಂದು, ಸಂಜೆಗೆ "ತಾ" ಎಂದರೆ ಕೇಳಿದವನಿಗೇನು ತಿಳಿದೀತು? ಅಳತೆಯ ಪಕ್ಕದಲ್ಲಿಯೇ ಬೆಲೆಯೂ, ವಿಳಾಸದ ಪಕ್ಕದಲ್ಲಿಯೇ ಅಂಗಡಿ ತೆರೆಯುವ ವೇಳೆಯೂ ಇರಬೇಕು.

ಮೂರನೆಯದಾದ ಯೋಗ್ಯತೆಯೇ ಮುಖ್ಯವಾದುದು. "ಬೆಂಕಿಯಿಂದ ತೋಯಿಸು" ಎಂಬ ಮಾತಿಗೆ ಯೋಗ್ಯತೆಯಿಲ್ಲ, ಬೆಂಕಿ ತೋಯಿಸಲಾರದು. ಈ ವಿಷಯದಲ್ಲಿ ನಾನೇ ತಪ್ಪಿತಸ್ಥನು. ಹಲವು ವರ್ಷಗಳ ಹಿಂದೆ ಬಂಧುವೊಬ್ಬರ ಜೇನುತುಪ್ಪಕ್ಕೆ ಕರಪತ್ರವನ್ನು ಬರೆಯುತ್ತ, ಪ್ರಾಸದ ಆಸೆಗೆ, ಅದು ಮಧುಮೇಹಕ್ಕೂ ಮದ್ದೆಂದು ಸೇರಿಸಿದೆನು. ನೆರೆಯ ವೃದ್ಧರೊಬ್ಬರು ಅದನ್ನು ನಂಬಿ ವೈದ್ಯರು ಕೊಟ್ಟ ಗುಳಿಗೆಯನ್ನು ಬಿಟ್ಟು, ಆಸ್ಪತ್ರೆ ಸೇರಬೇಕಾಯಿತು. ಬದುಕಿಕೊಂಡರು. "ಮೇಷ್ಟರು ಬರೆದದ್ದಲ್ಲವೆ ಎಂದು ನಂಬಿದೆ" ಎಂದರಷ್ಟೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತಿದೆ. ಮಧುಮೇಹಾದಿ ರೋಗಗಳಿಗೆ ಮದ್ದೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆಯೆಂದು ನಾನು ತಿಳಿದದ್ದು ಆಮೇಲೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ 10 ಲಕ್ಷ ರೂಪಾಯಿಗಳವರೆಗೆ ದಂಡ ಬೀಳಬಹುದು.

ಹಾಗೆಂದು ಆಡಂಬರವೆಲ್ಲ ದೋಷವಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯನ್ನು ನೆನೆಯಿರಿ. 1934ರ "ಕುರುಕ್ಷೇತ್ರ" ನಾಟಕದಲ್ಲಿ ವೀರಣ್ಣನವರು ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆನೆಯುಳ್ಳವನು ಆನೆಯೆಂದು ಸಾರಿದರೆ ಅದು ಅತಿಶಯೋಕ್ತಿಯಲ್ಲ. ಅದೇ ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸೊಂದನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಗುರುತಿಸಿ, 2017ರಲ್ಲಿ "ಸಿದ್ದು" ಎಂಬ ಹೆಸರಿನಿಂದ ಬೆಳಕಿಗೆ ತಂದರು. ತಾಮ್ರಗೆಂಪಿನ ತೊಳೆ, ಸುಮಾರು ಎರಡೂವರೆ ಕಿಲೋ ತೂಕದ ಪುಟ್ಟ ಹಣ್ಣು: ಚಿಕ್ಕ ಸಂಸಾರದವರಿಗೆ ಇದಕ್ಕಿಂತ ಹೆಚ್ಚಿನ ವರ್ಣನೆಯೇಕೆ?

ಶಿಷ್ಯನೊಡನೆ ಕುಳಿತು ಹೀಗೆ ಬರೆದೆವು: "ಮರದ ಗಾಣದ ಕೊಬ್ಬರಿ ಎಣ್ಣೆ. ನಮ್ಮ ಜಿಲ್ಲೆಯದೇ ಕೊಬ್ಬರಿ. ಬುಧವಾರ ಬೆಳಗ್ಗೆ ಗಾಣವಾಡುತ್ತದೆ. ಬಂದು ಕಣ್ಣಾರೆ ನೋಡಬಹುದು." ಕೆಳಗೆ ಅಳತೆ, ಬೆಲೆ, ಬೀದಿ. "ಸಕಲರೋಗನಿವಾರಕ" ಎಂಬುದನ್ನು ಹೊಡೆದುಹಾಕುವಾಗ ಅವನ ಕೈ ತಡೆಯಿತು. "ಎದುರಂಗಡಿಯವರು ಬರೆಯುತ್ತಾರಲ್ಲ, ಮೇಷ್ಟರೆ?" ಎಂದನು. ನಾನು ಆ ವೃದ್ಧರ ಕಥೆಯನ್ನು ಹೇಳಿದೆನು. ಅವನೇ ಗೆರೆ ಎಳೆದನು.

ಮೊನ್ನೆ ಅವನ ಫೋನು ಬಂದಿತ್ತು. ಆ ಬುಧವಾರ ಐವರು ಗಾಣ ನೋಡಲು ಬಂದರಂತೆ. ಮೂವರು ಎಣ್ಣೆ ಕೊಂಡರಂತೆ. ಒಡವೆಯನ್ನು ಇನ್ನೂ ಬಿಡಿಸಿಕೊಂಡಿಲ್ಲ. ಆದರೆ ಕೊಂಡವರಲ್ಲಿ ಒಬ್ಬರು ಮರುವಾರವೂ ಬಂದರೆಂದು ಹೇಳುವಾಗ ಅವನ ದನಿ ಹಗುರವಾಗಿದ್ದಿತು.

ಅಂಗಡಿಯಿಟ್ಟ ವಾಚಕರು ತಮ್ಮ ಜಾಹೀರಾತನ್ನು ಅಚ್ಚಿಗೆ ಕೊಡುವ ಮುನ್ನ ಮನೆಯ ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಲಿ. ಓದುವಾಗ ಎಲ್ಲಿ ತಮ್ಮ ದನಿ ತಗ್ಗುವುದೋ ಅಲ್ಲಿಯೇ ತಿದ್ದಲಿ.