ಪರೀಕ್ಷೆಯ ಲೆಕ್ಕಗಳನ್ನು ಕೂಡಿ ಬಿಡಿಸುವ ವಿಚಾರ

ಪರೀಕ್ಷೆಯು ಸಮೀಪಿಸಿತೆಂದರೆ ನಮ್ಮ ಹುಡುಗಿಯರ ತಾಯ್ತಂದೆಗಳಲ್ಲಿ ಅನೇಕರು ಒಂದು ಕಟ್ಟಳೆಯನ್ನು ವಿಧಿಸುವುದುಂಟು: "ಇನ್ನು ಗೆಳತಿಯರ ಮನೆಗೆ ಹೋಗಕೂಡದು, ಬಾಗಿಲು ಹಾಕಿಕೊಂಡು ಒಬ್ಬಳೇ ಓದು." ಇದು ಮಮತೆಯಿಂದ ಹುಟ್ಟಿದ ಮಾತೆಂಬುದನ್ನು ನಾವು ಬಲ್ಲೆವು. ಚರಿತ್ರೆಯ ಪಾಠಕ್ಕೆ ಇದರಿಂದ ದೊಡ್ಡ ಹಾನಿಯಾಗಲಿಕ್ಕಿಲ್ಲ. ಗಣಿತಕ್ಕಾದರೋ, ಅದರಲ್ಲಿಯೂ ತ್ರಿಕೋನಮಿತಿ ಕಲನಶಾಸ್ತ್ರಗಳಿಗೆ, ಹಿತಕ್ಕಿಂತ ಅಹಿತವೇ ಹೆಚ್ಚೆಂದು ನಮ್ಮ ಅಭಿಪ್ರಾಯ.

ಹತ್ತನೆಯ ತರಗತಿಯ ಒಂದು ಲೆಕ್ಕವನ್ನೇ ನೋಡಿರಿ. ಗೋಪುರದ ತುದಿಯು ಒಂದು ಸ್ಥಳದಿಂದ 30 ಡಿಗ್ರಿಯ ಉನ್ನತ ಕೋನದಲ್ಲಿ ಕಾಣುವುದು, ಗೋಪುರದ ಕಡೆಗೆ ನೇರವಾಗಿ 20 ಮೀಟರು ನಡೆದು ನೋಡಿದರೆ ಕೋನವು 60 ಡಿಗ್ರಿಯಾಗುವುದು, ಎತ್ತರವೆಷ್ಟು? ಹುಡುಗಿಗೆ ಕೋಷ್ಟಕವೆಲ್ಲ ಬಾಯಿಪಾಠ. ಆದರೆ 20 ಮೀಟರನ್ನು ಅವಳು ಗೋಪುರದ ಬುಡದಿಂದ ಅಳೆದುಬಿಟ್ಟಿದ್ದಾಳೆ. ಪುಸ್ತಕದ ಕೊನೆಯಲ್ಲಿ ಉತ್ತರವು ಸುಮಾರು 17.32 ಮೀಟರೆಂದಿದೆ, ತಪ್ಪೆಲ್ಲಿ ಆಯಿತೆಂದು ಪುಸ್ತಕವು ಹೇಳುವುದಿಲ್ಲ. ಒಂಟಿಯಾಗಿ ಕುಳಿತವಳು ಅದೇ ಚಿತ್ರವನ್ನು ನಾಲ್ಕು ಸಲ ಬರೆದು ಅಳುವಳು. ಪಕ್ಕದಲ್ಲಿ ಗೆಳತಿಯಿದ್ದರೆ, "ಈ ಇಪ್ಪತ್ತು ಮೀಟರು ಎಲ್ಲಿಂದ ಎಲ್ಲಿಗೆ, ತೋರಿಸೇ" ಎಂದು ಕೇಳುವಳು. ಅಷ್ಟೇ ಸಾಕು, ಮಿಕ್ಕದ್ದನ್ನು ಹುಡುಗಿಯು ತಾನೇ ಮಾಡಿಕೊಳ್ಳುವಳು.

ಇದಕ್ಕೆ ಪ್ರತಿಯಾಗಿ ಗೆಳತಿಯು ಪೂರ್ತಿ ಬಿಡಿಸಿದ ಲೆಕ್ಕದ ಚಿತ್ರವನ್ನು ರಾತ್ರಿ ಹತ್ತು ಗಂಟೆಗೆ ಮೊಬೈಲಿನಲ್ಲಿ ಕಳುಹಿಸಿದಳೆನ್ನಿ. ಅದು ಉಪಕಾರದ ವೇಷ ತೊಟ್ಟ ಅಪಕಾರ. ಹುಡುಗಿಗೆ ದೊರೆತದ್ದು ನಕಲು ಮಾಡುವ ಕೆಲಸ ಮಾತ್ರ. ತಾಯ್ತಂದೆಗಳು ಬಾಗಿಲು ಹಾಕಿಸುವಾಗ ಈ ಚಿತ್ರಗಳು ಕಿಟಕಿಯಿಂದ ಬರುವುದನ್ನು ನೋಡದಿರುವುದು ನಮಗೆ ಸೋಜಿಗವಾಗಿದೆ.

ಕೂಡಿ ಕಲಿಯುವುದರ ಬಲವನ್ನು ತೋರಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳತಕ್ಕದ್ದು. 1970ರ ದಶಕದಲ್ಲಿ ಅಮೆರಿಕ ದೇಶದ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಊರಿ ಟ್ರೈಸ್‌ಮನ್ ಎಂಬವರು, ಆಫ್ರಿಕಾ ಮೂಲದ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕಲನಶಾಸ್ತ್ರದಲ್ಲಿ ಏಕೆ ಸೋಲುವರೆಂದು ವಿಚಾರಿಸತೊಡಗಿದರು. ಅವರಿಗೆ ಆಸಕ್ತಿ ಸಾಲದು, ಮನೆಯ ಪ್ರೋತ್ಸಾಹ ಸಾಲದು ಎಂದು ಅಧ್ಯಾಪಕರು ಊಹಿಸಿದ್ದರು. ಟ್ರೈಸ್‌ಮನ್ನರು ವಿದ್ಯಾರ್ಥಿಗಳೊಡನೆಯೇ ಇದ್ದು ನೋಡಲಾಗಿ ಈ ಊಹೆಗಳು ನಿಲ್ಲಲಿಲ್ಲ. ಅವರು ಶ್ರಮಪಡುತ್ತಿದ್ದರು, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳಾದರೋ ಮೊದಲು ಒಂಟಿಯಾಗಿ ಲೆಕ್ಕ ಮಾಡಿ, ಅನಂತರ ಕೂಡಿ, ಒಬ್ಬರ ಉತ್ತರವನ್ನು ಇನ್ನೊಬ್ಬರು ಪರೀಕ್ಷಿಸುತ್ತಿದ್ದರು. ಆಮೇಲೆ ಟ್ರೈಸ್‌ಮನ್ನರು ಕಠಿಣವಾದ ಲೆಕ್ಕಗಳನ್ನೇ ಕೊಟ್ಟು ವಿದ್ಯಾರ್ಥಿಗಳನ್ನು ಕೂಡಿ ಕುಳ್ಳಿರಿಸುವ ಏರ್ಪಾಡು ಮಾಡಲು, ಸೋಲುತ್ತಿದ್ದ ವರ್ಗದವರೇ ಗೆಲ್ಲತೊಡಗಿದರು. ಮೊದಲು ಒಂಟಿ, ಆಮೇಲೆ ಜೊತೆ ಎಂಬ ಈ ಕ್ರಮವನ್ನು ವಾಚಕರು ಗಮನಿಸಬೇಕು.

"ನನ್ನ ಮಗಳ ಹೊತ್ತು ಹಾಳಾಗುವುದಲ್ಲಾ" ಎಂದು ಜಾಣೆಯ ತಾಯಿ ಕೇಳಬಹುದು. ಹಾಳಾಗದು. x ಮತ್ತು ಸೈನ್ xಗಳ ಗುಣಲಬ್ಧವನ್ನು ಅನುಕಲಿಸುವಾಗ ಜಾಣೆಯು ಅಭ್ಯಾಸಬಲದಿಂದ xಅನ್ನೇ ಅವಕಲಿಸಲು ಆರಿಸಿಕೊಳ್ಳುವಳು. "ಸೈನನ್ನು ಏಕೆ ಆರಿಸಬಾರದು?" ಎಂದು ಗೆಳತಿಯು ಕೇಳಿದಾಗ ಮಾತ್ರ ಅವಳು ನಿಂತು ಯೋಚಿಸುವಳು, ಹಾಗೆ ಮಾಡಿದರೆ x ವರ್ಗಕ್ಕೇರಿ ಲೆಕ್ಕವು ಇನ್ನೂ ತೊಡಕಾಗುವುದೆಂದು ಕಾಣುವಳು. ಮಾರ್ಗ ತಿಳಿದಿದ್ದವಳಿಗೆ ಕಾರಣವೂ ತಿಳಿಯಿತು. ಗೆಳತಿಯು ಮುಂದಾಗಿಬಿಡುವಳೆಂಬ ಭಯವೂ ಬೇಡ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಒಬ್ಬಳಿಗೆ ಕೊಟ್ಟ ಅಂಕವನ್ನು ಮತ್ತೊಬ್ಬಳಿಂದ ಕಳೆಯುವುದಿಲ್ಲ. ಸಿ.ಇ.ಟಿ.ಯಲ್ಲಿ ಸ್ಥಾನವುಂಟು, ನಿಜ. ಅಲ್ಲಿ ಸ್ಪರ್ಧಿಗಳು ಲಕ್ಷಗಟ್ಟಲೆ, ಪಕ್ಕದ ಮನೆಯ ಹುಡುಗಿಯೊಬ್ಬಳೇ ಅಲ್ಲ. ನಡುನಡುವೆ ಹರಟೆಯಲ್ಲಿ ಅರ್ಧ ಗಂಟೆ ಹೋಗುವುದೆನ್ನುವಿರೋ? ಹೋಗಲಿ, ಆ ವಯಸ್ಸಿಗೆ ಅದೂ ಬೇಕು.

ನಮ್ಮ ಚಿಂತೆಯೆಲ್ಲ ಇನ್ನೊಬ್ಬ ಹುಡುಗಿಯನ್ನು ಕುರಿತದ್ದು. ಅವಳ ಮನೆಯಲ್ಲಿ ಟ್ಯೂಷನ್ನಿಗೆ ಹಣವಿಲ್ಲ. ತಾಯ್ತಂದೆಗಳು ಅಷ್ಟು ಓದಿದವರಲ್ಲ. ಜಾಣೆಯ ಮನೆಯ ಬಾಗಿಲು ಮುಚ್ಚಿದರೆ ಇವಳಿಗೆ ಕೇಳಲು ಯಾರೂ ಇಲ್ಲ. ಗೋಪುರದ ಲೆಕ್ಕದಲ್ಲಿ ಸೋತು, ಗಣಿತವು ತನಗೆ ಹೇಳಿದ್ದಲ್ಲವೆಂದು ತೀರ್ಮಾನಿಸಿ, ಪಿ.ಯು. ತರಗತಿಗೆ ಸೇರುವಾಗ ಗಣಿತವನ್ನೇ ಬಿಡುವಳು. ಹದಿನಾರನೆಯ ವಯಸ್ಸಿನಲ್ಲಿ ಹಾಗೆ ಬಿಟ್ಟವಳು ಇಂಜಿನಿಯರಳಾಗುವ ದಾರಿಯನ್ನು ತಿರುಗಿ ಹಿಡಿಯುವುದು ಬಲು ಕಷ್ಟ. ಇಪ್ಪತ್ತು ಮೀಟರು ಎಲ್ಲಿಂದ ಎಲ್ಲಿಗೆಂದು ಕೇಳುವವರಿಲ್ಲದೆ ಹೀಗಾಯಿತಲ್ಲಾ ಎಂಬುದೇ ನಮ್ಮ ಸಂಕಟ.

ಆದಕಾರಣ ತಾಯ್ತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟು: ವಾರಕ್ಕೆ ಎರಡು ಸಂಜೆ ಮೂವರೋ ನಾಲ್ವರೋ ಕೂಡಿ ಕುಳಿತುಕೊಳ್ಳಲಿ. ಪ್ರತಿಯೊಬ್ಬಳೂ ತಾನು ಪ್ರಯತ್ನಿಸಿ ನಿಂತುಹೋದ ಲೆಕ್ಕವನ್ನು ತರಲಿ. ಪ್ರಯತ್ನಿಸದೆ ಬಂದವಳಿಗೆ ಹೇಳಿಕೊಡುವುದು ಬೇಡ. ಮನೆಗೆ ಹೋದಮೇಲೆ ಪುಸ್ತಕ ಮುಚ್ಚಿ ಅದನ್ನೇ ಮತ್ತೆ ಒಬ್ಬಳೇ ಮಾಡಲಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಕಲನಶಾಸ್ತ್ರವನ್ನು ಇನ್ನೂ ಮರೆಯದವರು ಶಾಲೆಯ ಸಮೀಪದಲ್ಲಿ ವಾಸವಾಗಿದ್ದರೆ, ಈ ವರ್ಷದ ಪರೀಕ್ಷೆಗೆ ಮುಂಚೆ ತಮ್ಮ ಮನೆಯ ಜಗುಲಿಯನ್ನು ಆ ಎರಡು ಸಂಜೆಗಳ ಮಟ್ಟಿಗೆ ಬಿಟ್ಟುಕೊಡಬೇಕೆಂದು ಕೇಳಿಕೊಳ್ಳುತ್ತೇವೆ.